ಗೇಟು ದಾಟಿ ಜಲಪಾತಕ್ಕೆ

ಸ್ಕಾಟ್ಲೆಂಡಿನ ಹಳ್ಳಿಗಾಡಿನಲ್ಲಿ ಜಲಪಾತ ಹುಡುಕಿಕೊಂಡು ಹೊರಟರೆ ಮೊದಲು ಒಂದು ಗೇಟು ಸಿಗುತ್ತದೆ. ಆಚೆ ಯಾರದೋ ಹೊಲ, ಯಾರದೋ ಕುರಿಗಳು. ನಮ್ಮ ಕಡೆಯ ಅಭ್ಯಾಸ ಇದ್ದವರಿಗೆ ಅಲ್ಲಿ ಕಾಲು ತಡೆಯುತ್ತದೆ. ಯಾರಾದರೂ ಇದ್ದಾರಾ ಅಂತ ಇಣುಕಿ, ಒಂದು ಸಲ ಕೂಗಿ ಕೇಳಿಯೇ ಒಳಗೆ ಹೋಗೋಣ ಅನ್ನಿಸುತ್ತದೆ. ಇಲ್ಲಿ ಅದರ ಅಗತ್ಯ ಇಲ್ಲ. ಚಿಲಕ ತೆಗೆದು ಒಳಗೆ ಹೋಗಿ, ತಿರುಗಿ ಹಾಕಿ, ಸುಮ್ನೆ ನಡೆಯುತ್ತಾ ಇರಬಹುದು. ಮುಚ್ಚಿದ್ದ ಗೇಟನ್ನು ಮುಚ್ಚಿಯೇ ಹೋಗಬೇಕು, ತೆರೆದಿದ್ದನ್ನು ಹಾಗೇ ಬಿಡಬೇಕು, ಅಷ್ಟೇ.

2003ರಲ್ಲಿ ಇಲ್ಲಿನ ಪಾರ್ಲಿಮೆಂಟು ಭೂ ಸುಧಾರಣೆಯ ಒಂದು ಕಾಯ್ದೆ ತಂದಿತು. ಅದರಲ್ಲಿ ನಡೆಯುವ ಹಕ್ಕಿನ ಭಾಗ ಜಾರಿಗೆ ಬಂದಿದ್ದು 2005ರ ಫೆಬ್ರವರಿಯಲ್ಲಿ. ಮನೆಯ ಅಂಗಳ, ಬೆಳೆ ನಿಂತಿರುವ ಹೊಲ, ಇಂಥ ಕೆಲವು ಜಾಗ ಬಿಟ್ಟರೆ ಯಾರ ಜಮೀನಿನ ಮೇಲಾದರೂ ನಡೆದು ಹೋಗಬಹುದು, ಸೈಕಲ್ ಹೊಡೆಯಬಹುದು. ಕಾರು ಒಯ್ಯುವ ಹಾಗಿಲ್ಲ. ಕುರಿಮರಿಗಳಿರುವ ಹೊಲಕ್ಕೆ ನಾಯಿಯನ್ನು ಒಯ್ಯಬಾರದು, ಕಸ ವಾಪಸ್ ತರಬೇಕು. ಸಾಗರದ ಕಡೆಯವಳಾದ ನನಗೆ ಭೂ ಸುಧಾರಣೆ ಅಂದ ಕೂಡಲೇ ಕಾಗೋಡು ಸತ್ಯಾಗ್ರಹ ನೆನಪಾಗುತ್ತದೆ, ಗೇಣಿದಾರರಿಗೆ ಸಿಕ್ಕ ಗದ್ದೆಗಳು ನೆನಪಾಗುತ್ತವೆ. ಇಲ್ಲಿ ಹಾಗಾಗಲಿಲ್ಲ. ಹಳ್ಳಿಗಾಡಿನ ಜಮೀನು ಈಗಲೂ ಬಹಳಷ್ಟು ದೊಡ್ಡ ಎಸ್ಟೇಟುಗಳ ಕೈಯಲ್ಲೇ ಇದೆ. ಅದರ ಮೇಲೆ ನಡೆಯುವ ಹಕ್ಕು ಮಾತ್ರ ಎಲ್ಲರಿಗೂ ಸಿಕ್ಕಿತು. ಅದೂ ಸಣ್ಣದೇನಲ್ಲ. ಪಕ್ಕದ ಇಂಗ್ಲೆಂಡಿನಲ್ಲಿ ಇಷ್ಟು ಸಲೀಸಿಲ್ಲ.

ಈ ಜಲಪಾತಗಳು ಒಂದು ಕಾಲದಲ್ಲಿ ದೊಡ್ಡವರ ಮನೆಯ ಅಲಂಕಾರ ಆಗಿದ್ದವು. ಡಂಕೆಲ್ಡ್ ಊರಿನ ಹತ್ತಿರ ಹರ್ಮಿಟೇಜ್ ಅಂತ ಒಂದು ಕಾಡಿದೆ. ಬ್ರಾನ್ ಎನ್ನುವ ಹೊಳೆ ಅಲ್ಲಿ ಬಂಡೆಗಳ ಮಧ್ಯೆ ಇಕ್ಕಟ್ಟಾಗಿ ಧುಮುಕುತ್ತದೆ. ಎತ್ತರ ಹೆಚ್ಚಿಲ್ಲ, ಆದರೆ ಸದ್ದು ಜೋರು. ಅದರ ನೆತ್ತಿಯ ಮೇಲೆ 18ನೇ ಶತಮಾನದಲ್ಲಿ ಅಥಾಲ್ ಡ್ಯೂಕರ ಮನೆಯವರು ಒಂದು ಕಲ್ಲಿನ ಮಂಟಪ ಕಟ್ಟಿಸಿದರು. ಅತಿಥಿಗಳನ್ನು ಒಳಗೆ ಕರೆತಂದು ಒಂದು ಚಿತ್ರದ ಮುಂದೆ ನಿಲ್ಲಿಸುತ್ತಿದ್ದರಂತೆ. ಆ ಚಿತ್ರ ಸರಕ್ಕನೆ ಪಕ್ಕಕ್ಕೆ ಸರಿಯುತ್ತಿತ್ತು. ಆಚೆ ಕೋಣೆಯ ತುಂಬಾ ಕನ್ನಡಿ. ಎಲ್ಲಿ ನೋಡಿದರೂ ನೀರು ಮೈಮೇಲೇ ಬರುತ್ತಿರುವ ಹಾಗೆ ಕಾಣಬೇಕು, ಅತಿಥಿ ಬೆಚ್ಚಬೇಕು, ಡ್ಯೂಕ್ ನಗಬೇಕು. 1869ರಲ್ಲಿ ಯಾರೋ ಸಿಡಿಮದ್ದಿಟ್ಟು ಮಂಟಪವನ್ನು ಹಾರಿಸಿದರು. ಆಮೇಲೆ ಅದನ್ನು ರಿಪೇರಿ ಮಾಡಿದ್ದಾರೆ. ಈಗ ಮಂಟಪವನ್ನೂ ಕಾಡನ್ನೂ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಕಾರು ನಿಲ್ಲಿಸಲು ದುಡ್ಡು ಕೊಡಬೇಕು. ನೀರು ನೋಡುವುದಕ್ಕೆ ಏನೂ ಇಲ್ಲ.

ಅಲ್ಲಿಗೆ ಅಕ್ಟೋಬರಿನಲ್ಲಿ ಹೋಗಬೇಕು. ಸಮುದ್ರದಿಂದ ವಾಪಸ್ ಬರುವ ಸಾಲ್ಮನ್ ಮೀನುಗಳು ಮೊಟ್ಟೆ ಇಡಲು ಹೊಳೆ ಹತ್ತುವ ಕಾಲ ಅದು. ಕೆಳಗಿನ ಮಡುವಿನಲ್ಲಿ ಮೊದಲು ಏನೂ ಕಾಣುವುದಿಲ್ಲ. ನೊರೆ ಗಿರಗಿರ ತಿರುಗುತ್ತಿರುತ್ತದೆ ಅಷ್ಟೇ. ಹತ್ತು ನಿಮಿಷ ಕಾದರೆ ನೊರೆಯನ್ನು ಸೀಳಿಕೊಂಡು ಮೊಳಕೈ ಉದ್ದದ ಮೀನೊಂದು ಮೇಲೇಳುತ್ತದೆ. ಗಾಳಿಯಲ್ಲಿದ್ದಾಗಲೂ ಈಜುತ್ತಿರುವ ಹಾಗೆಯೇ ಬಾಲ ಬಡಿಯುತ್ತಿರುತ್ತದೆ. ಬಂಡೆಗೆ ಢಿಕ್ಕಿ ಹೊಡೆದು, ಜಾರಿ, ಮತ್ತೆ ಅದೇ ಮಡುವಿಗೆ ಬೀಳುತ್ತದೆ. ಸುತ್ತ ನಿಂತ ಜನರೆಲ್ಲ ಕ್ರಿಕೆಟ್ಟಿನಲ್ಲಿ ಕ್ಯಾಚ್ ಬಿಟ್ಟಾಗಿನ ಹಾಗೆ ಒಟ್ಟಿಗೆ "ಓ..." ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಏಳುತ್ತದೆ.

ಅದೇ ಅಥಾಲ್ ಮನೆತನದ ಜಮೀನಿನಲ್ಲಿ ಇನ್ನೂ ಉತ್ತರಕ್ಕೆ ಬ್ರುವಾರ್ ಜಲಪಾತ ಇದೆ. ಕವಿ ರಾಬರ್ಟ್ ಬರ್ನ್ಸ್ 1787ರಲ್ಲಿ ಅಲ್ಲಿಗೆ ಹೋದಾಗ ಸುತ್ತ ಒಂದು ಮರ ಇರಲಿಲ್ಲ, ಬರೀ ಬೋಳು ಗುಡ್ಡ. ಅವನು ಹೊಳೆಯೇ ಡ್ಯೂಕನಿಗೆ ಅರ್ಜಿ ಬರೆದ ಹಾಗೆ ಒಂದು ಪದ್ಯ ಬರೆದ. ನನ್ನ ದಡದಲ್ಲಿ ಮರ ನೆಡಿಸಿ, ನೆರಳು ಕೊಡಿಸಿ ಅಂತ. ಅರ್ಜಿ ಮಂಜೂರೂ ಆಯಿತು. ಆದರೆ ಅಷ್ಟರಲ್ಲಿ, 1796ರಲ್ಲಿ, ಬರ್ನ್ಸ್ ತೀರಿಕೊಂಡಿದ್ದ. (ಫೈಲು ಅಲ್ಲೂ ನಮ್ಮ ಕಡೆಯ ವೇಗದಲ್ಲೇ ಚಲಿಸುತ್ತಿತ್ತು ಅಂತ ಕಾಣುತ್ತದೆ.) ಆಮೇಲೆ ಮಹಾಯುದ್ಧಗಳ ಕಾಲದಲ್ಲಿ ಆ ಮರಗಳನ್ನು ಕಡಿದರು, ಮತ್ತೆ ನೆಟ್ಟರು. ಈಗ ಪೈನ್ ಮರಗಳ ನಡುವೆ ಎರಡು ಸೇತುವೆ ದಾಟಿ ಸುತ್ತಿ ಬರುವ ಚಂದದ ದಾರಿ ಇದೆ. ನಿಧಾನವಾಗಿ ನಡೆದರೂ ಒಂದೂವರೆ ಗಂಟೆ ಸಾಕು. ಆ ಕಾಡನ್ನು ನೋಡಿದವರು ಅದು ಆದಿಯಿಂದಲೂ ಇತ್ತು ಅಂತಲೇ ಅಂದುಕೊಳ್ಳುತ್ತಾರೆ.

ಇಲ್ಲಿ ಹೀಗೆ ಮೋಸ ಹೋಗುವುದು ಸುಲಭ. ಹೈಲ್ಯಾಂಡ್ ಎನ್ನುವ ಉತ್ತರದ ಗುಡ್ಡಗಾಡಿನ ಕಣಿವೆಗಳಲ್ಲಿ ನಡೆಯುವಾಗ ಮೈಲಿಗಟ್ಟಲೆ ಮನೆ ಕಾಣುವುದಿಲ್ಲ. ಎಷ್ಟು ಪ್ರಶಾಂತ ಅಲ್ವಾ ಅಂತ ನೆಂಟರು ಫೋಟೋ ತೆಗೆಯುತ್ತಾರೆ. ಹುಲ್ಲಿನಲ್ಲಿ ಸ್ವಲ್ಪ ಕಣ್ಣಾಡಿಸಿದರೆ ಮಂಡಿ ಎತ್ತರದ ಕಲ್ಲಿನ ಗೋಡೆಗಳು ಸಿಗುತ್ತವೆ, ಬಾಗಿಲಿದ್ದ ಜಾಗ ಸಿಗುತ್ತದೆ. 18 ಮತ್ತು 19ನೇ ಶತಮಾನದಲ್ಲಿ ಕುರಿ ಸಾಕಿದರೆ ಜಾಸ್ತಿ ಲಾಭ ಅಂತ ಜಮೀನ್ದಾರರು ಒಕ್ಕಲುಗಳನ್ನು ಎಬ್ಬಿಸಿ ಕಳಿಸಿದರು. ಎಷ್ಟೋ ಕುಟುಂಬಗಳು ಹಡಗು ಹತ್ತಿ ಕೆನಡಾ ಸೇರಿದವು. ಹಾಗಾಗಿ ನಾವು ಮೆಚ್ಚುವ ಈ ಮೌನದಲ್ಲಿ ಒಂದಷ್ಟು ಪಾಲು ಎಬ್ಬಿಸಿ ಕಳಿಸಿದವರದ್ದು.

ಅಪ್ಪ, ಅಮ್ಮ ಬಂದಿದ್ದಾಗ ಕರೆದುಕೊಂಡು ಹೋಗಿದ್ದು ಕ್ಲೈಡ್ ನದಿಯ ಜಲಪಾತಗಳಿಗೆ. ಗ್ಲಾಸ್ಗೋದಿಂದ ಲಾನಾರ್ಕ್‌ಗೆ ರೈಲಿನಲ್ಲಿ ಒಂದು ಗಂಟೆ. ಅಲ್ಲಿಂದ ಇಳಿಜಾರಿನಲ್ಲಿ ನಡೆದರೆ ನ್ಯೂ ಲಾನಾರ್ಕ್. 1780ರ ದಶಕದಲ್ಲಿ ಕಟ್ಟಿದ ಹತ್ತಿ ಗಿರಣಿಯ ಊರು. ಬಂಡೆಯಲ್ಲಿ ಸುರಂಗ ಕೊರೆದು ನದಿಯ ನೀರು ತಿರುಗಿಸಿ ಗಿರಣಿಯ ಚಕ್ರಗಳನ್ನು ಓಡಿಸುತ್ತಿದ್ದರು. 1800ರಿಂದ ಇದನ್ನು ನಡೆಸಿದ ರಾಬರ್ಟ್ ಓವನ್ ಚಿಕ್ಕ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ನಿಲ್ಲಿಸಿ ಅವರಿಗೆ ಶಾಲೆ ತೆರೆದ. 2001ರಿಂದ ಇದು ಯುನೆಸ್ಕೋ ಪಟ್ಟಿಯಲ್ಲಿದೆ. ಗೋಕಾಕ ಫಾಲ್ಸ್ ನೋಡಿದವರಿಗೆ ಗಿರಣಿ, ಜಲಪಾತ, ಕಾರ್ಮಿಕರ ಮನೆಗಳ ಸಾಲು ಎಲ್ಲ ಒಟ್ಟಿಗೆ ಇರುವುದು ಹೊಸದಾಗಿ ಕಾಣಲಿಕ್ಕಿಲ್ಲ.

ಊರಿನ ತುದಿಯಿಂದ ನದಿಯ ಪಕ್ಕದಲ್ಲೇ ಕಾಲುದಾರಿ ಶುರುವಾಗುತ್ತದೆ. ಒಂದಷ್ಟು ದೂರ ಹಲಗೆ ಹಾಸಿದ್ದಾರೆ, ಆಮೇಲೆ ಮೆಟ್ಟಿಲು. ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕೆ ಕೋರಾ ಲಿನ್ (ಲಿನ್ ಅಂದರೆ ಜಲಪಾತ). ಎತ್ತರ 26 ಮೀಟರ್. ಚಿತ್ರಕಾರ ಟರ್ನರ್, ಕವಿ ವರ್ಡ್ಸ್‌ವರ್ತ್ ಎಲ್ಲರೂ ಬಂದು ಹೋದ ಜಾಗ. ಇದರ ಮೇಲೂ ಒಂದು ಕನ್ನಡಿ ಮಂಟಪ ಇತ್ತು, 1708ರದ್ದು. ಈಗ ಉಳಿದಿರುವುದು ಪಾಳು ಗೋಡೆ ಮಾತ್ರ. ಅಮ್ಮ ಕಟಕಟೆ ಹಿಡಿದು ನೋಡಿ, "ಇದನ್ನ ನೋಡಕ್ಕಾ ಇಷ್ಟು ದೂರ ನಡೆಸಿದ್ದು?" ಅಂದರು. ಮಳೆ ಬಿಟ್ಟು ವಾರವಾಗಿತ್ತು, ನೀರು ಕಡಿಮೆ ಇತ್ತು, ಅದು ನಿಜ. ಮಳೆಗಾಲದ ಜೋಗ ಕಂಡವರಿಗೆ ಏನು ಉತ್ತರ ಕೊಡಲಿ?

ನೀರು ಎಲ್ಲಿ ಹೋಯಿತು ಅನ್ನುವುದನ್ನು ಅಪ್ಪ ಕಂಡುಹಿಡಿದರು. ಅವರು ಕರ್ನಾಟಕ ವಿದ್ಯುತ್ ನಿಗಮದಲ್ಲಿ (ಕೆಪಿಸಿ) ಕೆಲಸ ಮಾಡಿ ನಿವೃತ್ತರಾದವರು. ದಾರಿಯಲ್ಲಿ ಗುಡ್ಡದಿಂದ ಇಳಿಯುವ ದಪ್ಪ ಪೈಪುಗಳನ್ನು ಕಂಡಾಗಲೇ ನಿಂತುಬಿಟ್ಟಿದ್ದರು. ಅದು ಬೊನಿಂಗ್ಟನ್ ವಿದ್ಯುತ್ ಕೇಂದ್ರ, 1927ರದ್ದು. ಜಲಪಾತದ ಮೇಲ್ಗಡೆ ನೀರನ್ನು ತಿರುಗಿಸಿ, ಪೈಪಿನಲ್ಲಿ ಇಳಿಸಿ, ಟರ್ಬೈನ್ ತಿರುಗಿಸಿ, ಕೆಳಗೆ ಮತ್ತೆ ನದಿಗೆ ಬಿಡುತ್ತಾರೆ. ವರ್ಷದಲ್ಲಿ ಕೆಲವು ದಿನ ರಿಪೇರಿಗೆ ಕೇಂದ್ರ ನಿಲ್ಲಿಸಿದಾಗ ಜಲಪಾತ ಹಳೇ ರೂಪದಲ್ಲಿ ತುಂಬಿ ಬೀಳುತ್ತದೆ, ಜನ ಅದಕ್ಕೆಂದೇ ಕಾದು ಬರುತ್ತಾರೆ. "ಎಷ್ಟು ಮೆಗಾವ್ಯಾಟ್ ಅಂತೆ?" ಅಂದರು ಅಪ್ಪ. ಇದೂ, ಕೆಳಗಿನ ಸ್ಟೋನ್‌ಬೈರ್ಸ್ ಕೇಂದ್ರವೂ ಸೇರಿ 17. ಶರಾವತಿ ಕೇಂದ್ರದ 1035ರ ಲೆಕ್ಕದಲ್ಲಿ ಬದುಕಿದ ಮನುಷ್ಯ ಜೋರಾಗಿ ನಕ್ಕರು. ಆಮೇಲೆ ಮೇಲಿನ ಬೊನಿಂಗ್ಟನ್ ಲಿನ್‌ವರೆಗೂ ನಡೆದು, ನೀರು ತಿರುಗಿಸುವ ಒಡ್ಡಿನ ಮೇಲೆ ನಿಂತು, ಗೇಟು ಎಷ್ಟು, ಹೂಳು ಹೇಗೆ ತೆಗೆಯುತ್ತಾರೆ ಅಂತೆಲ್ಲ ನೋಡಿದರು. ಜಲಪಾತದ ಒಂದು ಫೋಟೋವನ್ನೂ ತೆಗೆಯಲಿಲ್ಲ. ಪೈಪಿನ ಫೋಟೋ ಬೇಕಾದಷ್ಟಿದೆ.

"ಡ್ಯಾಂ ಎಲ್ಲಿದೆ?" ಅಂತ ಅಮ್ಮ ಕೇಳಿದರು. ದೊಡ್ಡ ಡ್ಯಾಂ ಇಲ್ಲ, ಹರಿಯುವ ನೀರನ್ನೇ ತಿರುಗಿಸುತ್ತಾರೆ ಅಂದರು ಅಪ್ಪ. "ಹಂಗಾರೆ ಯಾರ ಮನೇನೂ ಮುಳುಗ್ಲಿಲ್ಲ?" ಅಮ್ಮನ ತವರಿನ ಊರು ಲಿಂಗನಮಕ್ಕಿ ಹಿನ್ನೀರಿನಲ್ಲಿದೆ. ಮನೆ ಬಿಟ್ಟಾಗ ಅವರು ಶಾಲೆಗೆ ಸೇರಿದ್ದರಷ್ಟೆ. ಅಪ್ಪ ಉತ್ತರ ಕೊಡದೆ ಬ್ಯಾಗಿನಿಂದ ಪುಳಿಯೋಗರೆ ಡಬ್ಬಿ ತೆಗೆದರು. ಇಬ್ಬರೂ ಬೆಂಚಿನ ಮೇಲೆ ಕೂತು ಊಟ ಮಾಡಿದರು.

ಕ್ಲೈಡ್ ಒಂದೇ ಅಲ್ಲ. ಲಾಕ್ ನೆಸ್ ಸರೋವರದ ದಡದ ಫಾಯರ್ಸ್ ಜಲಪಾತದ ನೀರೂ 1896ರಲ್ಲಿ ಅಲ್ಯೂಮಿನಿಯಂ ಕಾರ್ಖಾನೆಯ ಪಾಲಾಯಿತು. ಅಲ್ಲಿಗೆ ಹೋಗುವುದಾದರೆ ಮಳೆಯ ಮಾರನೇ ದಿನ ಹೋಗಿ, ಇಲ್ಲದಿದ್ದರೆ ಬಂಡೆ ನೋಡಿಕೊಂಡು ಬರಬೇಕಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೆನ್ ನೆವಿಸ್ ಪರ್ವತದ ಬುಡದಲ್ಲಿರುವ ಸ್ಟೀಲ್ ಜಲಪಾತ. ಎತ್ತರ ಸುಮಾರು 120 ಮೀಟರ್. ಗ್ಲೆನ್ ನೆವಿಸ್ ಕಣಿವೆಯ ರಸ್ತೆ ಮುಗಿಯುವಲ್ಲಿ ಕಾರು ನಿಲ್ಲಿಸಿ ನಡೆಯಬೇಕು. ಹೋಗಿ ಬರಲು ಎರಡು ಗಂಟೆ. ದಾರಿ ಕಲ್ಲುಮಯ, ಕೆಲವು ಕಡೆ ಝರಿ ದಾರಿಯ ಮೇಲೇ ಹರಿಯುತ್ತದೆ. ಎಡಕ್ಕೆ ಗೋಡೆಯಂಥ ಗುಡ್ಡ, ಬಲಕ್ಕೆ ಕೆಳಗೆ ಕಂದರ. ಇಲ್ಲಿ ಬಿದ್ದು ಸತ್ತವರಿದ್ದಾರೆ ಅಂತ ಬೋರ್ಡು ಎಚ್ಚರಿಸುತ್ತದೆ, ಅದನ್ನು ನಂಬಿ. ಕಂದರದಲ್ಲಿ ನದಿ ಆರ್ಭಟಿಸುತ್ತಿರುತ್ತದೆ. ಒಂದು ತಿರುವು ದಾಟಿದ ಕೂಡಲೇ ಸದ್ದು ಅಡಗಿ ಎದುರಿಗೆ ಅಗಲವಾದ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಅದೇ ನದಿ ಅಲ್ಲಿ ಏನೂ ಗೊತ್ತಿಲ್ಲದ ಹಾಗೆ ತೆಪ್ಪಗೆ ಹರಿಯುತ್ತಿರುತ್ತದೆ. ದೂರದಲ್ಲಿ ಕಪ್ಪು ಬಂಡೆಯ ಮೇಲೆ ಬೆಳ್ಳಗೆ ಜಲಪಾತ.

ಹತ್ತಿರ ಹೋಗಬೇಕಾದರೆ ನದಿ ದಾಟಬೇಕು. ಅದಕ್ಕಿರುವ ಸೇತುವೆ ಅಂದರೆ ಮೂರು ಉಕ್ಕಿನ ಹಗ್ಗ. ಕಾಲಿಗೆ ಒಂದು, ಕೈಗೆ ಎರಡು. ಅಡ್ಡಡ್ಡ ಪಾದ ಇಟ್ಟು ಜರುಗುತ್ತಾ ಹೋಗಬೇಕು. ನಡುವಿಗೆ ಬರುವಾಗ ಹಗ್ಗ ಬಗ್ಗಿ ತೂಗಾಡಲು ಶುರುವಾಗುತ್ತದೆ, ಹಿಂದೆ ಇನ್ನೊಬ್ಬರು ಹತ್ತಿದರಂತೂ ಅವರ ಹೆಜ್ಜೆಗೆ ನಾವು ಕುಣಿಯುತ್ತೇವೆ. ನನ್ನ ಮುಂದೆ ಎಪ್ಪತ್ತರ ಆಸುಪಾಸಿನ ಅಜ್ಜಿಯೊಬ್ಬರು ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಸಲೀಸಾಗಿ ದಾಟಿ, ಆ ದಡದಲ್ಲಿ ನಿಂತು, ಕೆಳಗೆ ನೋಡಬೇಡ ಅಂತ ನನಗೆ ಕೈಸನ್ನೆ ಮಾಡುತ್ತಿದ್ದರು. ನಾನು ನೋಡಿದೆ. ಕೆಳಗಿನ ನೀರು ಗಟ್ಟಿ ಡಿಕಾಕ್ಷನ್ ಬಣ್ಣದ್ದು. ಇಲ್ಲಿನ ಗುಡ್ಡಗಳ ಮೇಲೆ ಅರೆಕೊಳೆತ ಪಾಚಿ, ಹುಲ್ಲು ಸೇರಿ ಆದ ಪೀಟ್ ಎಂಬ ಕಪ್ಪು ಮಣ್ಣಿದೆ. ಅದರಿಂದ ಸೋಸಿ ಬರುವುದಕ್ಕೆ ನೀರಿಗೆ ಈ ಕಂದು ಬಣ್ಣ. ಕೊಳಕೇನಲ್ಲ. ತಳದ ಕಲ್ಲುಗಳು ಒಂದೊಂದಾಗಿ ಸ್ಪಷ್ಟವಾಗಿ ಕಾಣುತ್ತಿದ್ದವು.

ದೇಶದ ಅತಿ ಎತ್ತರದ ಜಲಪಾತ ಇನ್ನೂ ಉತ್ತರದಲ್ಲಿ, ಕೈಲ್‌ಸ್ಕೂ ಹತ್ತಿರ ಇದೆ, ಸುಮಾರು 200 ಮೀಟರ್. ಹೆಸರು ಗೇಲಿಕ್ ಭಾಷೆಯದ್ದು, ನನ್ನ ನಾಲಿಗೆ ಇನ್ನೂ ಅದಕ್ಕೆ ತಿರುಗಿಲ್ಲ. ಅದಕ್ಕೆ ಕೆಸರಿನಲ್ಲಿ ದಿನವಿಡೀ ನಡೆಯಬೇಕು. ಕೆಸರು ಅಂದರೆ ಗದ್ದೆ ಕೆಸರೇ, ಬೂಟು ಹಿಡಿದು ಬಿಡುವುದಿಲ್ಲ.

ಬರುವವರಿಗೆ ಕೆಲವು ಮಾತು. ಮಲೆನಾಡಿನ ಇಂಬಳದ ಕಾಟ ಇಲ್ಲಿಲ್ಲ, ಆದರೆ ಅದರ ಬದಲು ಮಿಜ್ ಎನ್ನುವ ನುಸಿ ಇದೆ. ಗಾಳಿ ನಿಂತ, ತೇವ ಇರುವ ಸಂಜೆ ಹೊತ್ತು ಮೋಡದ ಹಾಗೆ ಬಂದು ಮುತ್ತುತ್ತದೆ. ಕಿವಿಯೊಳಗೆ, ಕೂದಲ ಬುಡದಲ್ಲಿ, ಕನ್ನಡಕದ ಹಿಂದೆ, ಎಲ್ಲಾ ಕಡೆ ಕಚ್ಚುತ್ತದೆ. ಸ್ವಲ್ಪ ಗಾಳಿ ಎದ್ದರೆ ಮಾಯ. ಉಣುಗೂ ಇದೆ. ಮಂಗನ ಕಾಯಿಲೆ ಕಂಡ ನಮ್ಮ ಕಡೆಯವರಿಗೆ ಅದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಇಲ್ಲಿ ಅದು ಲೈಮ್ ಎನ್ನುವ ಕಾಯಿಲೆ ಹರಡುತ್ತದೆ. ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ ನಡೆಯಿರಿ, ಮನೆಗೆ ಬಂದ ಮೇಲೆ ಮೊಣಕಾಲ ಹಿಂದೆ ನೋಡಿಕೊಳ್ಳಿ. ಬಿಸಿಲಿದ್ದರೂ ಮಳೆ ಕೋಟು ಇರಲಿ. ಜಲಪಾತದ ಹತ್ತಿರ ಮಿರ್ಚಿ, ಚುರುಮುರಿ, ಟೀ ಏನೂ ಸಿಗುವುದಿಲ್ಲ. ಬಹಳ ಕಡೆ ಶೌಚಾಲಯವೂ ಇಲ್ಲ.

ಮೇ ತಿಂಗಳಲ್ಲಿ ಬಂದರೆ ನುಸಿ ಇನ್ನೂ ಪೂರ್ತಿ ಎದ್ದಿರುವುದಿಲ್ಲ, ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಜುಲೈನಲ್ಲಿ ಬರುತ್ತೇವೆ ಅನ್ನುವ ನೆಂಟರಿಗೆ ಮಾತ್ರ ನಾನು ಬೇಡ ಅಂತಲೇ ಹೇಳುತ್ತೇನೆ. ಆಗ ಇಲ್ಲಿ ನುಸಿಯೂ ಜಾಸ್ತಿ, ಜನವೂ ಜಾಸ್ತಿ, ಅಲ್ಲಿ ಶರಾವತಿ ತುಂಬಿರುತ್ತಾಳೆ. ಸುಮ್ನೆ ಜೋಗ ನೋಡಿಕೊಂಡು ಇರಿ. ಅಕ್ಟೋಬರಿನಲ್ಲಿ ಬನ್ನಿ, ಡಂಕೆಲ್ಡ್‌ಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಮೀನು ಹಾರುವ ಗ್ಯಾರಂಟಿ ಕೊಡಲಾರೆ, ಪುಳಿಯೋಗರೆ ಗ್ಯಾರಂಟಿ.