ಒಂದು ಮಸೂರ, ಎರಡು ಉತ್ತರ

ಪೀನ ಮಸೂರದ ಸಂಗಮ ದೂರ (ದೂರದಿಂದ ಬಂದ ಬೆಳಕು ಮಸೂರ ದಾಟಿ ಒಂದೆಡೆ ಸೇರುವ ಬಿಂದುವಿಗೂ ಮಸೂರಕ್ಕೂ ಇರುವ ಅಂತರ) ಅಳೆಯುವುದು ತೀರಾ ಸುಲಭದ ಪ್ರಯೋಗ ಎಂದು ಯಾರಾದರೂ ಹೇಳಿದರೆ ನಾನು ಇಂದಿಗೂ ಒಪ್ಪುವುದಿಲ್ಲ. ಪದವಿಯ ಮೊದಲ ವರ್ಷದ ಆ ಮಧ್ಯಾಹ್ನ ನನಗೆ ಅಷ್ಟು ಚೆನ್ನಾಗಿ ನೆನಪಿದೆ.

ಮೊದಲು ಒರಟು ಅಂದಾಜು. ಕಿಟಕಿಯತ್ತ ಮಸೂರ ಹಿಡಿದು, ಅದರ ಹಿಂದೆ ಬಿಳಿ ಹಾಳೆಯನ್ನು ಮೆಲ್ಲಗೆ ಸರಿಸಿದೆ. ಹೊರಗಿನ ಮರ ತಲೆಕೆಳಗಾಗಿ ಹಾಳೆಯ ಮೇಲೆ ಬಂದು ಕೂತಿತು. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಕೊಂಬೆ ಗಾಳಿಗೆ ತೂಗುವುದೂ ಕಾಣುತ್ತಿತ್ತು. ಸ್ಕೇಲ್ ಇಟ್ಟು ನೋಡಿದರೆ ಸುಮಾರು 15 ಸೆಂ.ಮೀ.

ಆಮೇಲೆ ದ್ಯುತಿಪೀಠ, ಅಂದರೆ ಸ್ಟ್ಯಾಂಡುಗಳನ್ನು ಸರಿಸಬಹುದಾದ, ಅಳತೆಪಟ್ಟಿಯಿರುವ ಉದ್ದನೆಯ ಪೀಠ. ಒಂದು ಕಡೆ ದೀಪದ ಮುಂದೆ ವಸ್ತುವಾಗಿ ಅಡ್ಡತಂತಿ, ಇನ್ನೊಂದು ಕಡೆ ಪರದೆ, ನಡುವೆ ಮಸೂರ. ಜೊತೆಗಾತಿ ತಂತಿಗೂ ಪರದೆಗೂ 50 ಸೆಂ.ಮೀ. ಅಂತರ ಬಿಟ್ಟು ಮಸೂರವನ್ನು ಆ ಕಡೆ ಈ ಕಡೆ ಸರಿಸಿದ್ದೇ ಸರಿಸಿದ್ದು. ಸ್ಪಷ್ಟ ಬಿಂಬ ಮೂಡಲಿಲ್ಲ, ಮೂಡುವಂತೆಯೂ ಇರಲಿಲ್ಲ. ಆ ಅಂತರ ಸಂಗಮ ದೂರದ ನಾಲ್ಕು ಪಟ್ಟಿಗಿಂತ, ಅಂದರೆ ಇಲ್ಲಿ 60ಕ್ಕಿಂತ, ಕಡಿಮೆಯಿದ್ದರೆ ಮಸೂರ ಎಲ್ಲಿಟ್ಟರೂ ಬಿಂಬ ಪರದೆಗೆ ಸಿಗುವುದಿಲ್ಲ. ಅಂತರವನ್ನು 80ಕ್ಕೆ ಏರಿಸಿದೆವು.

ಈಗ ಎರಡು ಕಡೆ ಬಿಂಬ ಸಿಕ್ಕಿತು. ಮಸೂರ ತಂತಿಗೆ ಹತ್ತಿರವಿದ್ದಾಗ ದೊಡ್ಡದು, ಪರದೆಗೆ ಹತ್ತಿರವಿದ್ದಾಗ ಚಿಕ್ಕದು. ಮೊದಲನೆಯದರಲ್ಲಿ ವಸ್ತು ದೂರ 20.6, ಪ್ರತಿಬಿಂಬ ದೂರ 59.4, ಲೆಕ್ಕ ಮಾಡಿದರೆ ಸಂಗಮ ದೂರ 15.3. ಎರಡನೆಯದರಲ್ಲಿ 60.6 ಮತ್ತು 19.4, ಉತ್ತರ 14.7. ಮಸೂರ ಅದೇ, ಕೈ ಅದೇ, ಉತ್ತರ ಮಾತ್ರ ಎರಡು. "ಎರಡಕ್ಕೂ 15 ಎಂದು ಬರೆದುಬಿಡೋಣವೇ?" ಎಂದಳು ಜೊತೆಗಾತಿ. ನನಗೆ ಮನಸ್ಸು ಬರಲಿಲ್ಲ. ಮೇಡಂ ಬಂದು ಎರಡೂ ಸಂಖ್ಯೆಗಳನ್ನು ನೋಡಿ, "ಸ್ಟ್ಯಾಂಡನ್ನು ಪಕ್ಕದಿಂದ ನೋಡಿ" ಎಂದಷ್ಟೇ ಹೇಳಿ ಮುಂದಿನ ಮೇಜಿಗೆ ಹೋದರು.

ಬಗ್ಗಿ ನೋಡಿದೆ. ಅಳತೆಪಟ್ಟಿಯ ಮೇಲೆ ಗುರುತು ತೋರಿಸುವ ಸೂಚಿ ಮಸೂರದ ನೇರ ಕೆಳಗಿರಲಿಲ್ಲ. ಪರದೆಯ ಕಡೆಗೆ 6 ಮಿ.ಮೀ. ಸರಿದಿತ್ತು. ಒಂದೇ ತಪ್ಪು ಒಮ್ಮೆ ಉತ್ತರವನ್ನು ಮೇಲಕ್ಕೆತ್ತಿತ್ತು, ಇನ್ನೊಮ್ಮೆ ಕೆಳಕ್ಕಿಳಿಸಿತ್ತು!

ಸ್ಥಾನಾಂತರ ವಿಧಾನದ ಸೊಗಸು ನನಗೆ ಹೊಳೆದದ್ದು ಆಗ. ಮಸೂರ ಎಲ್ಲಿತ್ತು ಎಂಬುದನ್ನು ಬಿಟ್ಟು, ಎಷ್ಟು ಸರಿಯಿತು ಎಂಬುದನ್ನು ಮಾತ್ರ ತೆಗೆದುಕೊಂಡರೆ 60.6ರಿಂದ 20.6 ಕಳೆದು ಸರಿಯಾಗಿ 40. ಸೂಚಿಯ ತಪ್ಪು ಎರಡರಲ್ಲೂ ಇದ್ದದ್ದರಿಂದ ಕಳೆಯುವಾಗ ತಾನಾಗಿ ಬಿದ್ದುಹೋಯಿತು. 80ರ ವರ್ಗದಲ್ಲಿ 40ರ ವರ್ಗ ಕಳೆದರೆ 4800. ಅದನ್ನು 80ರ ನಾಲ್ಕು ಪಟ್ಟಾದ 320ರಿಂದ ಭಾಗಿಸಿದರೆ 15. ಈ ವಿಧಾನಕ್ಕೆ ಬೆಸೆಲ್ ಹೆಸರಿದೆ. 1838ರಲ್ಲಿ ನಕ್ಷತ್ರವೊಂದರ ದೂರವನ್ನು ಅಳೆದು ಪ್ರಕಟಿಸಿದ ಖಗೋಳಜ್ಞ ಅವರೇ ಎಂದು ಆಮೇಲೆ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಇನ್ನೂ ಒಂದು ತೊಡಕು ಉಳಿದಿತ್ತು. ಚಿಕ್ಕ ಬಿಂಬ ಮಸೂರವನ್ನು ಮೂರು ನಾಲ್ಕು ಮಿಲಿಮೀಟರ್ ಸರಿಸಿದರೂ ಸ್ಪಷ್ಟವಾಗಿಯೇ ಇರುತ್ತಿತ್ತು. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಸರಿಸಿ, ಸರಾಸರಿ ತೆಗೆದೆ. ದೊಡ್ಡ ಬಿಂಬದ ಅಂಚಿನಲ್ಲಿ ಬಣ್ಣದ ತೆಳು ಗೆರೆ ಕಾಣುತ್ತಿತ್ತು. ಅದರ ಬಗ್ಗೆ ಕೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಮುಂದಿನ ವಾರ ಮೊದಲ ಕೆಲಸವಾಗಿ ದೀಪದ ಮುಂದೆ ಕೆಂಪು ಗಾಜಿಟ್ಟು ಅಳೆದೆ, ಆಮೇಲೆ ನೀಲಿ ಗಾಜಿಟ್ಟು. ಕೆಂಪಿಗೆ ಸಂಗಮ ದೂರ ಸುಮಾರು 2 ಮಿ.ಮೀ. ಹೆಚ್ಚು ಬಂತು.