ಸುತ್ತು ಪ್ರತಿಗಳ ಲೆಕ್ಕ: ಮೂರನೆಯ ಟಿಪ್ಪಣಿ

ಕಾದಂಬರಿ ಪ್ರಕಟವಾದ ಮೇಲೆ ಪ್ರಕಾಶಕರಿಂದ ಬರುವ ಗೌರವ ಪ್ರತಿಗಳನ್ನು ಏನು ಮಾಡಬೇಕೆಂಬುದು ಬರೆಯುವವರಿಗೆಲ್ಲ ಗೊತ್ತಿರುವ ಸಣ್ಣ ತಲೆನೋವು. ನೆಂಟರು, ಸಹೋದ್ಯೋಗಿಗಳು, ಊರಿನ ಹಿರಿಯರು, ಪರಿಚಯದ ವಿಮರ್ಶಕರು ಎಂದು ಪಟ್ಟಿ ಮಾಡಿ, ಮೊದಲ ಪುಟದಲ್ಲಿ ‘ಪ್ರೀತಿಯಿಂದ’ ಎಂದು ಬರೆದು ಕೊಟ್ಟುಬಿಡುವುದು ರೂಢಿ. ನನ್ನ ಮೊದಲ ಕಾದಂಬರಿಯ ಪ್ರತಿಗಳು ಹಾಗೆಯೇ ಖರ್ಚಾದವು. ಎರಡನೆಯದು 2024ರ ಕೊನೆಗೆ ಬಂದಾಗ, ಅವುಗಳಲ್ಲಿ ಕೆಲವನ್ನು ಯಾರಿಗೂ ಸ್ವಂತಕ್ಕೆ ಕೊಡದೆ ಕೈಯಿಂದ ಕೈಗೆ ಸುತ್ತಲು ಬಿಡುವ ಕೆಲಸವನ್ನು ಹವ್ಯಾಸದಂತೆ ಹಚ್ಚಿಕೊಂಡೆ. ಹಿಂದಿನ ಎರಡು ಟಿಪ್ಪಣಿಗಳನ್ನು ಓದದವರಿಗಾಗಿ ನಿಯಮವನ್ನು ಮತ್ತೊಮ್ಮೆ ಹೇಳುತ್ತೇನೆ: ಪ್ರತಿಯ ಕೊನೆಗೆ ಗೆರೆ ಎಳೆದ ಒಂದು ಹಾಳೆಯನ್ನು ಅಂಟಿಸಿರುತ್ತೇನೆ, ಓದಿದವರು ತಮ್ಮ ಊರು, ದಿನಾಂಕ ಮತ್ತು ಎರಡು ಸಾಲು ಬರೆದು ಇನ್ನೊಬ್ಬರಿಗೆ ದಾಟಿಸಬೇಕು, ಹಾಳೆ ತುಂಬಿದ ಮೇಲೆ ಪುಸ್ತಕ ನನ್ನಲ್ಲಿಗೆ ಮರಳಬೇಕು. ಹೆಸರು ಬರೆಯುವುದು ಕಡ್ಡಾಯವಲ್ಲ.

ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವಳ ಬುದ್ಧಿಯೇ ಇದರ ಹಿಂದೆ ಇರಬೇಕು. ಸಾಲಕ್ಕೆ ವಾಯಿದೆ ಇರುತ್ತದೆ, ದಾನಕ್ಕೆ ಇರುವುದಿಲ್ಲ. ಉಡುಗೊರೆಯಾಗಿ ಬಂದ ಪುಸ್ತಕವನ್ನು ಇಂದೇ ಓದಬೇಕೆಂದಿಲ್ಲವಾದ್ದರಿಂದ ಅದು ಕಪಾಟಿನಲ್ಲಿ ನೆಮ್ಮದಿಯಾಗಿ ಕೂತಿರುತ್ತದೆ. ಮುಂದಿನವರಿಗೆ ಕೊಡಲೇಬೇಕಾದ ಪುಸ್ತಕವನ್ನು ಜನ ಹೇಗಾದರೂ ಬಿಡುವು ಮಾಡಿಕೊಂಡು ತೆರೆಯುತ್ತಾರೆ ಎಂಬುದು ನನ್ನ ಊಹೆಯಾಗಿತ್ತು. ಅದು ಎಷ್ಟರಮಟ್ಟಿಗೆ ನಿಜ ಎಂಬುದರ ಲೆಕ್ಕವೇ ಈ ಟಿಪ್ಪಣಿಗಳು.

ಮೇ 2025: ಅಂಚೆಯ ದಾರಿ ಮತ್ತೆ ತೆರೆಯಿತು

ಕಳೆದ ಟಿಪ್ಪಣಿ ಬರೆದಾಗ ಯೋಜನೆ ಕುಂಟುತ್ತಿತ್ತು. ಪುಸ್ತಕಗಳನ್ನು ಕಡಿಮೆ ದರದಲ್ಲಿ ಕಳುಹಿಸಲು ಇದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆ 2024ರ ಡಿಸೆಂಬರ್ 18ಕ್ಕೆ ನಿಂತುಹೋಗಿತ್ತು. ಮಂಡ್ಯದಲ್ಲಿ 87ನೆಯ ಸಾಹಿತ್ಯ ಸಮ್ಮೇಳನ ಆರಂಭವಾದದ್ದು ಅದಾಗಿ ಎರಡೇ ದಿನಕ್ಕೆ. ಸಮ್ಮೇಳನದ ಪುಸ್ತಕ ಮಳಿಗೆಗಳ ಸಾಲಿನಲ್ಲಿ ಸಣ್ಣ ಪ್ರಕಾಶಕರು ಮಾರಾಟಕ್ಕಿಂತ ಹೆಚ್ಚಾಗಿ ಅಂಚೆ ದರದ ಬಗ್ಗೆಯೇ ಮಾತನಾಡುತ್ತಿದ್ದರು. ಅದೇ ತೂಕದ ಕಟ್ಟಿಗೆ ರಿಜಿಸ್ಟರ್ಡ್ ಪಾರ್ಸೆಲ್‌ನಲ್ಲಿ ಎರಡು ಪಟ್ಟಿಗಿಂತ ಹೆಚ್ಚು ತೆರಬೇಕಿತ್ತು. ಹೀಗಾಗಿ ಮೊದಲ ತಿಂಗಳುಗಳಲ್ಲಿ ನನ್ನ ಪ್ರತಿಗಳು ನೆಂಟರ ಕೈಚೀಲಗಳಲ್ಲಿ, ಸಂಘಕ್ಕೆ ಬರುವ ಬೆಳೆಗಾರರ ಜೀಪುಗಳಲ್ಲಿ ಮಾತ್ರ ಪ್ರಯಾಣ ಮಾಡಿದವು.

ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ಅದರ ಮೇಲೆ ತೆರಿಗೆ. ಪುಸ್ತಕ ಎಲ್ಲಿದೆ ಎಂದು ನೋಡಿಕೊಳ್ಳುವ ಅನುಕೂಲವೂ ಇದೆ. ನನ್ನ ಕಾದಂಬರಿ 272 ಪುಟ, ಅಂದರೆ ಡೆಮಿ ಅಷ್ಟಾಂಶ ಅಳತೆಯಲ್ಲಿ 17 ಫಾರಂ (ಒಟ್ಟಿಗೆ ಅಚ್ಚಾಗುವ 16 ಪುಟಗಳಿಗೆ ಒಂದು ಫಾರಂ), 70 ಜಿ.ಎಸ್.ಎಂ. ದಪ್ಪದ ಮ್ಯಾಪ್ಲಿಥೋ ಕಾಗದ. ಅದನ್ನು ತಕ್ಕಡಿಗೆ ಹಾಕಿದರೆ ಮುಳ್ಳು 300ರ ಗೆರೆಯನ್ನು ಕೂದಲೆಳೆಯಷ್ಟು ದಾಟುತ್ತದೆ, ಹೊದಿಕೆಯ ಕಾಗದ ಸೇರಿದರೆ ಕೇಳುವುದೇ ಬೇಡ. ಒಂದು ಫಾರಂ ಕಡಿಮೆ ಬರೆದಿದ್ದರೆ 20 ರೂಪಾಯಿಯಲ್ಲಿ ಹೋಗುತ್ತಿತ್ತು ಎಂದು ಅಂಚೆ ಕಚೇರಿಯಲ್ಲಿ ಪಕ್ಕದಲ್ಲಿ ನಿಂತಿದ್ದವರೊಬ್ಬರು ಹೇಳಿದರು. ಇಷ್ಟು ಖಚಿತವಾದ ವಿಮರ್ಶೆ ಈ ಕಾದಂಬರಿಗೆ ಇನ್ನೆಲ್ಲಿಯೂ ಬಂದಿಲ್ಲ.

ಕನ್ನಡ ಕಾದಂಬರಿಗೂ ಓದುಗರಿಗೂ ನಡುವಿನ ದಾರಿ ಯಾವ ಕಾಲದಲ್ಲಿಯೂ ಸುಗಮವಾಗಿರಲಿಲ್ಲ. ಕನ್ನಡದ ಮೊದಮೊದಲ ಕಾದಂಬರಿಕಾರರಲ್ಲೊಬ್ಬರಾದ ಗಳಗನಾಥರು ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕೂಡಿಸಿಕೊಂಡು ಪುಸ್ತಕಗಳನ್ನು ಅವರ ಮನೆಗಳಿಗೆ ಮುಟ್ಟಿಸಿತು. ಅವರ ಮುಂದೆ ನನ್ನ ಕಷ್ಟ ದೊಡ್ಡದೇನಲ್ಲ. ಆದರೆ ಪುಸ್ತಕದ ಸುತ್ತಾಟವನ್ನು ಯೋಚಿಸುವವರು ಮೊದಲು ಅಂಚೆ ದರದ ಪಟ್ಟಿಯನ್ನು ನೋಡಬೇಕು ಎಂಬುದು ಅಂದಿಗೂ ಇಂದಿಗೂ ಬದಲಾಗಿಲ್ಲ.

ಮಳೆಗಾಲ

ಬರವಣಿಗೆಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಬೆಳಿಗ್ಗೆ ಐದರಿಂದ, ಡೈರಿಗೆ ಹಾಲು ಹಾಕುವ ಹೊತ್ತಿನವರೆಗೆ ಮೂರನೆಯ ಕಾದಂಬರಿಯ ಕರಡಿನ ಮುಂದೆ ಕೂರುತ್ತೇನೆ. ಕರೆಂಟು ಹೋದ ದಿನ ನೋಟ್‌ಬುಕ್ಕಿನಲ್ಲಿ, ಇದ್ದ ದಿನ ಕಂಪ್ಯೂಟರಿನಲ್ಲಿ. ಯೂನಿಕೋಡ್‌ನಲ್ಲಿ ಬರೆದದ್ದನ್ನು ಪುಟವಿನ್ಯಾಸಕ್ಕಾಗಿ ‘ನುಡಿ’ ತಂತ್ರಾಂಶದ ಅಕ್ಷರಗಳಿಗೆ ಪರಿವರ್ತಿಸಿದಾಗ ಒತ್ತಕ್ಷರಗಳು ಎಲ್ಲೆಲ್ಲಿಗೋ ಹೋಗಿ ಕೂರುವುದರಿಂದ ಕರಡಚ್ಚು ತಿದ್ದುವ ಕೆಲಸ ದುಪ್ಪಟ್ಟಾಗುತ್ತದೆ. ಹತ್ತು ಗಂಟೆಗೆ ಸಂಘ. ರಾಶಿ, ಬೆಟ್ಟೆ, ಚಾಲಿ ಎಂದು ಅಡಿಕೆಯ ಬಗೆಗಳ ದರ ಬರೆಯುತ್ತ ಸಂಜೆಯಾಗುತ್ತದೆ. ಕಾದಂಬರಿಕಾರ್ತಿಯ ದಿನಚರಿ ಹೇಗಿರುತ್ತದೆ ಎಂದು ಕುತೂಹಲದಿಂದ ಕೇಳುವ ಓದುಗರಿಗೆ ಈ ಉತ್ತರ ಸಾಮಾನ್ಯವಾಗಿ ನಿರಾಸೆ ಮಾಡುತ್ತದೆ.

ಮರಳಿ ಬಂದ ಪ್ರತಿ

ಆಗಸ್ಟ್‌ನಲ್ಲಿ ಹಾಳೆ ತುಂಬಿ ಮೊದಲ ಪ್ರತಿ ಮನೆಗೆ ಬಂತು. ಸಿದ್ದಾಪುರದಿಂದ ಹೊರಟದ್ದು ಹೊನ್ನಾವರಕ್ಕೆ ಇಳಿದು, ಘಟ್ಟ ಹತ್ತಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮುಟ್ಟಿದೆ. ಬೆನ್ನಿನ ಅಂಟು ಬಿಟ್ಟಿದ್ದನ್ನು ಯಾರೋ ಸೂಜಿ ದಾರದಿಂದ ಅಚ್ಚುಕಟ್ಟಾಗಿ ಹೊಲಿದಿದ್ದಾರೆ. ಒಂಬತ್ತನೆಯ ಅಧ್ಯಾಯದ ಅಂಚಿನಲ್ಲಿ ಅರಿಸಿನದ ಹೆಬ್ಬೆರಳ ಗುರುತಿದೆ. 143ನೆಯ ಪುಟದಲ್ಲಿ ಶಕ್ತಿ ಯೋಜನೆಯ ಶೂನ್ಯ ದರದ ಬಸ್ ಟಿಕೆಟ್ಟೊಂದು ಸಿಕ್ಕಿತು. ಅದರ ಮೇಲಿನ ಮುದ್ರಣ ಅರ್ಧ ಮಾಸಿದ್ದರೂ ಹಾವೇರಿ ಎಂಬುದು ಓದಲು ಬರುತ್ತದೆ. ಆಮೇಲೆ ಓದಿದವರು ಯಾರೂ ಅದನ್ನು ತೆಗೆದು ಬಿಸಾಡಿಲ್ಲ. ಎಲ್ಲರೂ ಅಲ್ಲಿಯೇ ಓದು ನಿಲ್ಲಿಸಿದರೋ, ಅಥವಾ ಹಿಂದಿನವರ ಗುರುತನ್ನು ಕದಲಿಸಬಾರದೆಂಬ ದಾಕ್ಷಿಣ್ಯವೋ ತಿಳಿಯದು.

ಬ್ಯಾಡಗಿಯ ಓದುಗರೊಬ್ಬರು, ‘ಅಕ್ಕಾರ, ಮೆಣಸಿನಕಾಯಿ ಸುಗ್ಗ್ಯಾಗ ಪುರುಸೊತ್ತು ಸಿಗಲಿಲ್ಲ, ಅದಕ್ಕ ತಡಾ ಆತು’ ಎಂದು ಮಾತ್ರ ಬರೆದಿದ್ದಾರೆ. ಕಾದಂಬರಿ ಹೇಗಿತ್ತು ಎಂಬ ಸುದ್ದಿಯೇ ಇಲ್ಲ. ಹೊನ್ನಾವರದವರು ‘ಕೊನೆಯ ಅಧ್ಯಾಯದ ಅಗತ್ಯವಿರಲಿಲ್ಲ’ ಎಂದು ಬರೆದು ಅಡಿಗೆರೆ ಎಳೆದಿದ್ದಾರೆ. ಅದರ ಕೆಳಗೆ ಹಾವೇರಿಯ ಕೈಬರಹ: ‘ಇತ್ತು. ಇಲ್ಲದಿದ್ದರೆ ಆ ತಾಯಿಗೆ ನ್ಯಾಯ ಸಿಗುತ್ತಿರಲಿಲ್ಲ.’ ರಾಣೆಬೆನ್ನೂರಿನವರು ಇಬ್ಬರಿಗೂ ಸೇರಿಸಿ, ‘ತಾಯಿಯದೇ ತಪ್ಪು’ ಎಂದು ತೀರ್ಪು ಕೊಟ್ಟಿದ್ದಾರೆ.

ಈ ಹಾಳೆಯನ್ನು ಮೊದಲ ಕಾದಂಬರಿಗೆ ಬಂದ ಪತ್ರಗಳ ಪಕ್ಕದಲ್ಲಿಟ್ಟು ನೋಡಿದೆ. ಆಗ ಪುಸ್ತಕವನ್ನು ಉಡುಗೊರೆಯಾಗಿ ಪಡೆದವರು ಬರೆದ ಪತ್ರಗಳಲ್ಲಿ ಹೊಗಳಿಕೆಯೇ ತುಂಬಿದೆ, ಮತ್ತು ಆ ಹೊಗಳಿಕೆ ಬಹುಪಾಲು ಮೊದಲ ಮೂರು ಅಧ್ಯಾಯಗಳಿಗೆ ಸಂಬಂಧಿಸಿದ್ದು. ಪುಸ್ತಕ ಕೊಟ್ಟವಳಿಗೆ ಕೃತಜ್ಞತೆ ಹೇಳುವುದು ಸೌಜನ್ಯವೆಂದು ಅವರು ಬರೆದರು, ಅದರಲ್ಲಿ ತಪ್ಪೇನೂ ಇಲ್ಲ. ಸುತ್ತು ಪ್ರತಿಯನ್ನು ಓದಿದವರಿಗೆ ನನ್ನ ಹಂಗಿಲ್ಲ. ಪುಸ್ತಕ ಬಂದದ್ದು ಪಕ್ಕದ ಮನೆಯಿಂದ, ಹೋಗುವುದು ಇನ್ನಾರದೋ ಮನೆಗೆ. ಅವರು ಬರೆಯುವುದು ಹಿಂದೆ ಓದಿದವರಿಗೆ ಮತ್ತು ಮುಂದೆ ಓದುವವರಿಗೆ. ಲೇಖಕಿ ನಡುವಿನಲ್ಲಿ ಇಲ್ಲದ ಕಡೆ ಮಾತು ಹೀಗೆ ಬೆಳೆಯುತ್ತದೆ ಎಂದು ತಿಳಿದಿದ್ದರೆ ಬಿಡುಗಡೆ ಸಮಾರಂಭದಲ್ಲಿ ಅಷ್ಟು ದೀರ್ಘವಾಗಿ ಮಾತನಾಡುತ್ತಿರಲಿಲ್ಲವೇನೋ.

ಎಲ್ಲ ಪ್ರತಿಗಳ ಕಥೆಯೂ ಹೀಗಿಲ್ಲ. ಶಿವಮೊಗ್ಗದ ದಿಕ್ಕಿಗೆ ಹೋದ ಒಂದು ಪ್ರತಿಯ ಸುಳಿವಿಲ್ಲ. ನಮ್ಮ ಪಂಚಾಯತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಕೊಟ್ಟದ್ದು ಮಾತ್ರ ನಿರೀಕ್ಷೆಗಿಂತ ಚುರುಕಾಗಿದೆ. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇರುವುದರಿಂದ, ಮಗಳ ಹೆಸರಿನಲ್ಲಿ ಪುಸ್ತಕ ತರಿಸಿಕೊಂಡು ತಾಯಂದಿರು ಓದುತ್ತಾರೆ ಎಂದು ಗ್ರಂಥಪಾಲಕರು ಗುಟ್ಟಾಗಿ ತಿಳಿಸಿದರು.

ಮದುವೆಯ ಪುಸ್ತಕ

ಈ ನಡುವೆ ಯೋಜನೆಗೆ ಹೊಸ ಕವಲೊಂದು ಸೇರಿದೆ. ತಂಗಿಯ ಮಗಳು ತನ್ನ ಮದುವೆಯಲ್ಲಿ ತಾಂಬೂಲದ ಜೊತೆ ರವಿಕೆ ಕಣದ ಬದಲು ಪುಸ್ತಕ ಕೊಡಬೇಕೆಂದು ಹಟ ಹಿಡಿದಿದ್ದಾಳೆ. ‘ದೊಡ್ಡಮ್ಮನ ಕಾದಂಬರಿಯನ್ನೇ ಎಲ್ಲರಿಗೂ ಕೊಟ್ಟರಾಯಿತು, ಪ್ರಕಾಶಕರು ರಿಯಾಯಿತಿಯನ್ನೂ ಕೊಡುತ್ತಾರೆ’ ಎಂದು ಮನೆಯವರು ಹೇಳಿದಾಗ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೂ ಬೇಡವೆಂದೆ. ಒಂದೇ ಊರಿನ ಪ್ರತಿ ಮನೆಯಲ್ಲೂ ಒಂದೇ ಪುಸ್ತಕವಿದ್ದರೆ ಅದನ್ನು ಯಾರು ಯಾರಿಂದ ಕೇಳಿ ಪಡೆಯಬೇಕು? ಪೊಟ್ಟಣ ಬಿಚ್ಚದ ರವಿಕೆ ಕಣಗಳು ಮದುವೆಯಿಂದ ಉಪನಯನಕ್ಕೆ, ಅಲ್ಲಿಂದ ಗೃಹಪ್ರವೇಶಕ್ಕೆ ಸುತ್ತುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಕಾದಂಬರಿಗೂ ಆ ಭಾಗ್ಯ ಬರುವುದಾದರೆ ನನ್ನ ಅಭ್ಯಂತರವಿಲ್ಲ, ಆದರೆ ಒಮ್ಮೆಯಾದರೂ ಬಿಚ್ಚಿರಬೇಕು.

ಸರಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲುಗಳ ಬದಲು ಕನ್ನಡ ಪುಸ್ತಕ ಕೊಡಬೇಕೆಂದು 2021ರ ಆಗಸ್ಟ್‌ನಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿದ್ದಾಗ ಸೂಚನೆ ಹೊರಬಿತ್ತು. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರೂ ಹೂವು, ಶಾಲು ಬೇಡ, ಕೊಡುವುದಿದ್ದರೆ ಪುಸ್ತಕ ಕೊಡಿ ಎಂದರು. ಅಂದಿನಿಂದ ನಮ್ಮ ತಾಲ್ಲೂಕಿನ ಸಣ್ಣಪುಟ್ಟ ಕಾರ್ಯಕ್ರಮಗಳಲ್ಲಿಯೂ ವೇದಿಕೆಯ ಮೇಲೆ ಪುಸ್ತಕ ಕಾಣಿಸಿಕೊಳ್ಳುತ್ತಿರುವುದು ಒಳ್ಳೆಯದೇ. ಆದರೆ ಸಂಘಟಕರು ಒಂದೇ ಶೀರ್ಷಿಕೆಯ ಹತ್ತು ಪ್ರತಿ ತಂದು ಅತಿಥಿಗಳ ಕೈಗೆ ಸಾಲಾಗಿ ಕೊಡುವಾಗ, ಯಾರಿಗೆ ಯಾವ ಪುಸ್ತಕ ಎಂಬ ಯೋಚನೆಯನ್ನು ಯಾರೂ ಮಾಡಿರುವುದಿಲ್ಲ.

ಹೀಗಾಗಿ ಮದುವೆ ಮನೆಯಲ್ಲಿ ಒಂದು ಉದ್ದನೆಯ ಮೇಜಿನ ಮೇಲೆ ಬೇರೆ ಬೇರೆ ಪುಸ್ತಕಗಳನ್ನು ಹರಡಿ, ಊಟ ಮುಗಿಸಿ ಹೊರಡುವವರು ತಮಗೆ ಬೇಕಾದದ್ದನ್ನು ತಾವೇ ಆರಿಸಿಕೊಳ್ಳಲಿ ಎಂದು ತೀರ್ಮಾನವಾಗಿದೆ. ಮಕ್ಕಳ ಕಥೆ, ಅಡುಗೆ, ಪ್ರವಾಸ, ಸಣ್ಣಕಥೆಗಳ ಸಂಕಲನ, ತೋಟಗಾರಿಕೆ ಇವೆಲ್ಲ ಇರುತ್ತವೆ. ನವೆಂಬರ್‌ನ ರಾಜ್ಯೋತ್ಸವದ ರಿಯಾಯಿತಿ ಮಾರಾಟದಲ್ಲಿ ಅರ್ಧದಷ್ಟು ಖರೀದಿ ಮುಗಿಸಿದ್ದೇವೆ. ನನ್ನ ಕಾದಂಬರಿಯ ಒಂದೆರಡು ಪ್ರತಿಗಳನ್ನು ಮಾತ್ರ ಅಡುಗೆ ಪುಸ್ತಕಗಳ ನಡುವೆ ಇಡಲು ತಂಗಿಯ ಮಗಳು ಒಪ್ಪಿದ್ದಾಳೆ.

ಮೂರನೆಯ ಕಾದಂಬರಿಯ ಪುಟವಿನ್ಯಾಸ ಈಗ 285ನೆಯ ಪುಟಕ್ಕೆ ನಿಂತಿದೆ. 18 ಫಾರಂ ಎಂದರೆ 288 ಪುಟ. ಕೊನೆಯ ಮೂರು ಪುಟಗಳು ಖಾಲಿ ಉಳಿಯುತ್ತವೆ. ಪ್ರಕಾಶಕರು ಅಲ್ಲಿ ತಮ್ಮ ಇತರ ಪ್ರಕಟಣೆಗಳ ಪಟ್ಟಿ ಹಾಕುವವರಿದ್ದರು. ರಾಣೆಬೆನ್ನೂರಿನ ತೀರ್ಪನ್ನು ಓದಿ ತೋರಿಸಿದ ಮೇಲೆ, ಪಟ್ಟಿಯನ್ನು ಒಂದೇ ಪುಟಕ್ಕೆ ಇಳಿಸಿ, ಉಳಿದ ಎರಡರಲ್ಲಿ ಊರು, ದಿನಾಂಕ, ಮಾತು ಎಂಬ ಮೂರು ಅಂಕಣಗಳ ಗೆರೆ ಹಾಕಿ ಎಲ್ಲ ಪ್ರತಿಗಳಲ್ಲೂ ಅಚ್ಚು ಮಾಡಿಸಲು ಒಪ್ಪಿದ್ದಾರೆ.