ಬಿಡ್ತು ಅನ್ನಿಸುವ ಪ್ರಶ್ನೆ

ಮೆಲ್ಬರ್ನ್ ನಗರದ ಪಶ್ಚಿಮ ಅಂಚಿನಲ್ಲಿರುವ ಟಾರ್ನಿಟ್‌ಗೆ ನಾವು ಬಂದು ಒಂಬತ್ತು ವರ್ಷಗಳಾದವು. ಕಳೆದ ಚಳಿಗಾಲದ ಎರಡು ಶನಿವಾರ ಇಲ್ಲಿನ ಸಮುದಾಯ ಕೇಂದ್ರದಲ್ಲಿ ನಡೆದ ಮಾನಸಿಕ ಆರೋಗ್ಯ ಪ್ರಥಮ ಚಿಕಿತ್ಸೆಯ ತರಬೇತಿಗೆ ನಾನು ಹೆಸರು ಕೊಟ್ಟದ್ದು ಸಮಾಜಸೇವೆಯ ಉತ್ಸಾಹದಿಂದೇನೂ ಅಲ್ಲ. ಕನ್ನಡ ಸಂಘದಿಂದ ಇಬ್ಬರನ್ನು ಕಳುಹಿಸಬೇಕಿತ್ತು, ಬೇರೆ ಯಾರೂ ಮುಂದೆ ಬಂದಿರಲಿಲ್ಲ, ಅಷ್ಟೆ.

ಈ ತರಬೇತಿ ಹುಟ್ಟಿದ್ದು ಇದೇ ದೇಶದಲ್ಲಿ. ಸ್ವತಃ ಖಿನ್ನತೆಯನ್ನು ಅನುಭವಿಸಿದ್ದ ಬೆಟ್ಟಿ ಕಿಚನರ್ ಮತ್ತು ಸಂಶೋಧಕರಾದ ಅವರ ಪತಿ ಟೋನಿ ಜಾರ್ಮ್, ಸಂಜೆ ನಾಯಿಯನ್ನು ಕರೆದುಕೊಂಡು ಅಡ್ಡಾಡುವಾಗ ಆಡಿದ ಮಾತಿನಿಂದ ಮೊಳೆತ ಯೋಚನೆಯನ್ನು 2000ರಲ್ಲಿ ಕ್ಯಾನ್‌ಬೆರಾದಲ್ಲಿ ತರಗತಿಯಾಗಿ ಆರಂಭಿಸಿದರು. ಎದೆ ಹಿಡಿದುಕೊಂಡು ಕುಸಿದವರಿಗೆ ಆಂಬುಲೆನ್ಸ್ ಬರುವ ತನಕ ಏನು ಮಾಡಬೇಕೆಂದು ಸಾಮಾನ್ಯರಿಗೆ ಕಲಿಸುವುದಾದರೆ, ಮನಸ್ಸು ಕುಸಿದವರ ಪಕ್ಕದಲ್ಲಿ ಏನು ಮಾಡಬೇಕೆಂದು ಏಕೆ ಕಲಿಸಬಾರದು ಎಂಬುದು ಅವರ ಸರಳ ತರ್ಕ. ಹನ್ನೆರಡು ಗಂಟೆಗಳ ಪಾಠ ಮುಗಿಸಿದವರಿಗೆ ಮೂರು ವರ್ಷಗಳ ಪ್ರಮಾಣಪತ್ರ ಸಿಗುತ್ತದೆ. ಇದು ಯಾರನ್ನೂ ವೈದ್ಯರನ್ನಾಗಿಸುವುದಿಲ್ಲ. ಹತ್ತಿರ ಹೋಗುವುದು, ಅಪಾಯವಿದೆಯೇ ಎಂದು ನೋಡುವುದು, ತೀರ್ಪು ಕೊಡದೆ ಕೇಳಿಸಿಕೊಳ್ಳುವುದು, ಧೈರ್ಯದ ಜೊತೆಗೆ ಸರಿಯಾದ ಮಾಹಿತಿ ಕೊಡುವುದು, ವೈದ್ಯರ ಬಳಿಗೂ ತಮ್ಮವರ ಬಳಿಗೂ ಹೋಗುವಂತೆ ಮಾಡುವುದು, ಇಷ್ಟೇ ಅದರ ವ್ಯಾಪ್ತಿ.

ಎರಡನೆಯ ಶನಿವಾರ ಇಬ್ಬಿಬ್ಬರಾಗಿ ಎದುರುಬದುರು ಕುಳಿತು ಒಂದು ಪ್ರಶ್ನೆಯನ್ನು ಅಭ್ಯಾಸ ಮಾಡಬೇಕಾಗಿತ್ತು: ಸಾಯುವ ಯೋಚನೆ ಬರುತ್ತಿದೆಯೇ ಎಂದು, ಸುತ್ತಿ ಬಳಸದೆ, ಕಣ್ಣಲ್ಲಿ ಕಣ್ಣಿಟ್ಟು ಕೇಳುವುದು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ನಂಬಿಕೆ ತಪ್ಪೆಂದು ಸಂಶೋಧನೆಗಳು ತೋರಿಸಿವೆ, ಆ ಪ್ರಶ್ನೆ ಎದುರಿಸಿದವರಿಗೆ ಹೆಚ್ಚಿನ ಸಲ ಹೊರೆ ಇಳಿದಂತಾಗುತ್ತದೆ ಎಂದು ತರಬೇತುದಾರರು ವಿವರಿಸಿದರು. ಇಂಗ್ಲಿಷಿನಲ್ಲಿ ನಾನು ತಡವರಿಸದೆ ಕೇಳಿದೆ. ಮನೆಗೆ ಹೋಗಿ ನಿಮ್ಮ ನಿಮ್ಮ ಭಾಷೆಯಲ್ಲಿ ಕೇಳಿ ನೋಡಿ ಎಂದು ಅವರು ಹೇಳಿ ಕಳುಹಿಸಿದರು.

ಆ ರಾತ್ರಿ ಕಾವಲಿಯ ಮೇಲೆ ದೋಸೆ ಹುಯ್ಯುತ್ತಿದ್ದ ನನ್ನವರ ಎದುರು ನಿಂತೆ, ಆದರೆ ನಾಲಿಗೆ ಹೊರಳಲಿಲ್ಲ. ‘ಸಾಯ’ ಎಂಬಲ್ಲಿಗೆ ನಿಂತುಹೋಯಿತು. ಬಾಲ್ಯದಲ್ಲಿ ಇಂಥ ಮಾತು ಬಾಯಿಂದ ಜಾರಿದಾಗಲೆಲ್ಲ ಅಜ್ಜಿ ‘ಬಿಡ್ತು ಅನ್ನು’ ಎಂದು ಗದರಿಸಿ, ಅನ್ನಿಸಿಯೇ ಮುಂದಕ್ಕೆ ಬಿಡುತ್ತಿದ್ದರು. ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಆಡಿದ್ದು ಆಗಿಬಿಡುತ್ತದೆ ಎಂಬ ಭಯ. ಇಂಗ್ಲಿಷಿನಲ್ಲಿ ಕೇಳಿದಾಗ ಅದು ಪಠ್ಯದ ಒಂದು ವಾಕ್ಯವಾಗಿತ್ತು. ಕನ್ನಡಕ್ಕೆ ಬಂದೊಡನೆ ಶಾಪದಂತೆ ಕೇಳಿಸಿತು.

ಇದಕ್ಕೆ ವಿರುದ್ಧವಾದ ತೊಡಕೂ ನಮ್ಮ ಭಾಷೆಯಲ್ಲಿದೆ. ಕೆಲಸದ ಭಾರಕ್ಕೆ ‘ಸತ್ತೇಹೋದೆ’ ಎನ್ನುತ್ತೇವೆ. ಮಂಡಿನೋವು ಬಂದ ಹಿರಿಯರು ‘ದೇವರು ಬೇಗ ಕರೆಸಿಕೊಂಡರೆ ಸಾಕು’ ಎನ್ನುತ್ತಾರೆ, ನಾವು ಕಾಫಿ ಕೊಟ್ಟು ಮಾತು ತಿರುಗಿಸುತ್ತೇವೆ. ನೂರು ಸಲ ಅದು ಬರೀ ಮಾತೇ ಇರಬಹುದು. ನೂರಾ ಒಂದನೆಯ ಸಲವೂ ಕಿವಿಗೆ ಹಾಗೆಯೇ ಕೇಳಿಸುತ್ತದೆಂಬುದೇ ಕಷ್ಟ.

ಯುಗಾದಿ ಕಾರ್ಯಕ್ರಮದ ದಿನ ಅದೇ ಮಾತು ನನ್ನ ಪಕ್ಕದ ಕುರ್ಚಿಯಿಂದ ಬಂತು. ಮಗಳ ಬಾಣಂತನಕ್ಕೆಂದು ಮಲೆನಾಡಿನ ಕಡೆಯಿಂದ ಬಂದಿದ್ದ, ಅರವತ್ತು ದಾಟಿದ ಹೆಂಗಸು (ಗುರುತು ಸಿಗದಿರಲೆಂದು ಊರಿನ ಹೆಸರು ಬಿಟ್ಟಿದ್ದೇನೆ). ಮಗಳು ಅಳಿಯ ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೆ ಮಗುವಿನ ಹೊರತು ಮಾತಿಗೆ ಯಾರೂ ಇಲ್ಲ. ನಿದ್ದೆಯಿಲ್ಲ, ಎದೆ ಡವಡವ, ಊಟ ಸೇರುವುದಿಲ್ಲ ಎಂದು ಮೈಯ ದೂರುಗಳನ್ನೇ ಹೇಳಿ, ಕೊನೆಗೆ ಕೋಸಂಬರಿಯ ತಟ್ಟೆಯನ್ನು ನೋಡುತ್ತ ‘ಅವನು ಬೇಗ ಕರೆಸಿಕೊಂಡರೆ ಸಾಕಾಗಿದೆ’ ಎಂದರು. ಅಮ್ಮಾ, ಸಾಯಬೇಕು ಅಂತ ನಿಮಗೇ ಅನ್ನಿಸುತ್ತದಾ ಎಂದು ಕೇಳಿಯೇಬಿಟ್ಟೆ. ಬಿಡ್ತು ಅನ್ನು ಎನ್ನುವರೆಂದುಕೊಂಡಿದ್ದೆ. ಅವರು ತಟ್ಟೆ ಕೆಳಗಿಟ್ಟು, ‘ಕೈಯಾರೆ ಏನೂ ಮಾಡಿಕೊಳ್ಳುವವಳಲ್ಲ ಮಾರಾಯ್ತಿ, ಆದರೆ ಬೆಳಿಗ್ಗೆ ಏಳದೇ ಇದ್ದಿದ್ದರೆ ಒಳ್ಳೇದಿತ್ತು ಅಂತ ದಿನಾ ಅನ್ನಿಸ್ತದೆ’ ಎಂದರು. ಒಳಗೆ ಮಕ್ಕಳ ನೃತ್ಯಕ್ಕೆ ಚಪ್ಪಾಳೆ ಬೀಳುತ್ತಿದ್ದಾಗ ನಾವಿಬ್ಬರೂ ಹೊರಗಿನ ಬೆಂಚಿನಲ್ಲಿ ಮುಕ್ಕಾಲು ಗಂಟೆ ಕುಳಿತೆವು. ನಾನು ಹೆಚ್ಚೇನೂ ಹೇಳಲಿಲ್ಲ. ಅವರ ಒಪ್ಪಿಗೆ ಪಡೆದು ಸಂಜೆಯೇ ಮಗಳಿಗೆ ತಿಳಿಸಿದೆ. ಆಕೆಗೆ ಅದರ ಸುಳಿವೇ ಇರಲಿಲ್ಲ.

ತರಬೇತಿಯ ಮಿತಿ ತಿಳಿದದ್ದು ಅದರ ಮುಂದಿನ ವಾರ. ಇಲ್ಲಿನ ನಿವಾಸಿಗಳಾದರೆ ಕುಟುಂಬ ವೈದ್ಯರು ಬರೆದುಕೊಡುವ ಯೋಜನೆಯ ಮೇರೆಗೆ ವರ್ಷಕ್ಕೆ ಹತ್ತು ಸಲ ಮನಶ್ಶಾಸ್ತ್ರಜ್ಞರನ್ನು ಕಂಡರೆ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನಿಂದ ಒಂದು ಪಾಲು ಹಣ ವಾಪಸು ಬರುತ್ತದೆ; ಉಳಿದದ್ದು ಕೈಯಿಂದ ಹೋಗುತ್ತದೆ, ಸರದಿಯೂ ಉದ್ದ. ಪ್ರವಾಸಿ ವೀಸಾದಲ್ಲಿ ಬಂದ ನಮ್ಮ ತಂದೆತಾಯಿಯರಿಗೆ ಆ ಸೌಲಭ್ಯವೂ ಇಲ್ಲ. ವೈದ್ಯರ ಬಳಿಗೆ ಹೋಗಿ ಎನ್ನುವ ಹೆಜ್ಜೆ ಪುಸ್ತಕದಲ್ಲಿ ಒಂದೇ ಸಾಲು. ಆ ಹೆಂಗಸಿನ ಮಗಳ ಮನೆಯಲ್ಲಿ ಅದು ಎರಡು ಭೇಟಿಗಳ ಪೂರ್ತಿ ಖರ್ಚು ಮತ್ತು ಊರಿಗೆ ಬೇಗ ಮರಳುವ ಟಿಕೆಟ್ಟು. ಊರಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವಿದೆ, 2022ರಿಂದ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಕನ್ನಡದಲ್ಲೇ ಮಾತನಾಡುತ್ತದೆ ಎಂಬುದನ್ನು ಇಲ್ಲಿ ಕುಳಿತು ನಾನೇ ಹುಡುಕಿ ಬರೆದುಕೊಟ್ಟೆ. ಈಗ ಅವರು ಔಷಧಿ ತೆಗೆದುಕೊಳ್ಳುತ್ತಿದ್ದಾರೆ, ನಿದ್ದೆ ಬರುತ್ತಿದೆಯಂತೆ.

ಗಂಡಸರ ವಿಷಯ ಬೇರೆ. ಅವರು ಬೆಂಚಿನಲ್ಲಿ ಕುಳಿತು ಹೇಳಿಕೊಳ್ಳುವವರಲ್ಲ. ಗಂಡಸರು ಸೇರಿ ಮರಗೆಲಸದಂಥ ಕೈಕೆಲಸ ಮಾಡುವ ಇಲ್ಲಿನ ಮೆನ್ಸ್ ಶೆಡ್‌ಗಳು ಇದನ್ನು ಚೆನ್ನಾಗಿ ಅರಿತಿವೆ. ಗಂಡಸರು ಮುಖಕ್ಕೆ ಮುಖ ಕೊಟ್ಟು ಮಾತನಾಡುವುದಿಲ್ಲ, ಹೆಗಲಿಗೆ ಹೆಗಲು ಕೊಟ್ಟು ಮಾತನಾಡುತ್ತಾರೆ ಎಂಬುದು ಅಲ್ಲಿನ ಮಾತು. ಆರು ತಿಂಗಳಿಗೆಂದು ಬಂದಿದ್ದ ನನ್ನ ಮಾವನವರು ಮನೆಯಲ್ಲಿ ಟಿವಿಯ ಎದುರು ಮೂಕರಾಗಿದ್ದರು. ಶೆಡ್‌ನಲ್ಲಿ ನಿವೃತ್ತ ಗ್ರೀಕ್ ಫಿಟ್ಟರ್ ಒಬ್ಬರ ಜೊತೆ ಮೂರು ಬುಧವಾರ ಒಂದೇ ಮಣೆಗೆ ಉಜ್ಜುಗೊರಡು ಹಾಕಿ, ಅರೆಬರೆ ಇಂಗ್ಲಿಷಿನಲ್ಲಿ ಅತ್ತೆಯ ಸಾವಿನ ಬಗ್ಗೆ ಹೇಳಿಕೊಂಡರಂತೆ. ನಮ್ಮೊಡನೆ ಎಂದೂ ಆಡದ ಮಾತು ಅದು.

ಮುಂದಿನ ತರಬೇತಿಗೆ ಸಂಘದಿಂದ ಏಳು ಮಂದಿ ಹೆಸರು ಕೊಟ್ಟಿದ್ದಾರೆ. ಅವರಿಗಾಗಿ ಆ ಪ್ರಶ್ನೆಯನ್ನು ಕನ್ನಡದಲ್ಲಿ ಬರೆದಿಡಲು ಕುಳಿತಾಗ ಸಮಿತಿಯಲ್ಲಿ ದೊಡ್ಡ ಚರ್ಚೆಯೇ ಆಯಿತು. ‘ಬದುಕು ಸಾಕೆನಿಸಿದೆಯೇ’ ಎಂದಿರಲಿ, ಮೃದುವಾಗಿರುತ್ತದೆ ಎಂದರು ಹಿರಿಯರೊಬ್ಬರು. ನಮಗೆ ಎಲ್ಲವೂ ಸಾಕೆನಿಸುತ್ತದೆ, ಅದಕ್ಕೆ ಯಾರು ಬೇಕಾದರೂ ಹೌದು ಎಂದುಬಿಡುತ್ತಾರೆ ಎಂದು ನಾನು ಒಪ್ಪಲಿಲ್ಲ. ಕೊನೆಗೆ ‘ಸಾಯಬೇಕು ಅನ್ನಿಸುತ್ತಿದೆಯೇ?’ ಎಂದೇ ಅಚ್ಚು ಹಾಕಿಸಿ, ಕೆಳಗೆ ತುರ್ತಿನ 000, ಲೈಫ್‌ಲೈನ್ ಸಹಾಯವಾಣಿಯ 13 11 14, ದುಭಾಷಿ ಸೇವೆಯ 131 450 ಸಂಖ್ಯೆಗಳನ್ನು ಕೊಟ್ಟೆವು. ಆ ಹಾಳೆ ಈಗ ಸಂಘದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ, ಬ್ಯಾಂಡೇಜು ಸುರುಳಿಯ ಪಕ್ಕದಲ್ಲಿದೆ.